ಬಿಲ್ಲು ಹಿಡಿದ ಕೈಯಲ್ಲಿ ಗುದ್ದಲಿ



ರಣರಂಗದಲ್ಲಿ ಒಂದು ದಿನ ಧೈರ್ಯ ತೋರಿದವನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಆದರೆ ಯುದ್ಧ ಮುಗಿಸಿ ಮನೆಗೆ ಮರಳಿದ ಮೇಲೆ ಅವನು ಊರಿನವರೊಂದಿಗೆ ಹೇಗೆ ಬಾಳಿದ, ತೋಟದ ಫಲದಲ್ಲಿ ಯಾರಿಗೆ ಪಾಲು ಕೊಟ್ಟ, ನೆರೆಮನೆಯಲ್ಲಿ ಸಾವಾದಾಗ ಎಲ್ಲಿದ್ದ ಎಂದು ಕೇಳುವವರು ಕಡಿಮೆ. ಈಮಾನಿನ ಪರೀಕ್ಷೆ ಹೆಚ್ಚಾಗಿ ನಡೆಯುವುದು ಅಲ್ಲಿಯೇ. ಆ ಪರೀಕ್ಷೆಯಲ್ಲಿ ಗೆದ್ದವರಲ್ಲಿ ಹಝ್ರತ್ ಅಬೂ ತಲ್ಹಾ(ರ) ಒಬ್ಬರು.

ಅವರ ನಿಜನಾಮ ಝೈದ್ ಬಿನ್ ಸಹ್ಲ್. ಮದೀನಾದ ಬನೂ ನಜ್ಜಾರ್ ಗೋತ್ರದವರು. ಅಂದಿನ ಮದೀನಾ ಇಂದಿನಂತೆ ಮಹಾನಗರವಾಗಿರಲಿಲ್ಲ. ಖರ್ಜೂರದ ತೋಟಗಳು, ಬಾವಿಗಳು, ಅವುಗಳ ನಡುವೆ ಹರಡಿಕೊಂಡ ಸಣ್ಣ ಸಣ್ಣ ವಸತಿಗಳು - ಅದೊಂದು ಕೃಷಿಕರ ನಾಡು. ಅನ್ಸಾರ್‌ಗಳು ಒಂಟೆಗಳಿಂದ ನೀರೆತ್ತಿ ಮರಗಳಿಗೆ ಹಾಯಿಸುತ್ತಿದ್ದರು. ಸಂಬಳದ ಸೈನ್ಯವೆಂಬುದು ಅಲ್ಲಿರಲಿಲ್ಲ. ಕರೆ ಬಂದಾಗ ರೈತನೇ ಯೋಧ, ಯುದ್ಧ ಮುಗಿದಾಗ ಯೋಧನೇ ರೈತ.

ಅಬೂ ತಲ್ಹಾ(ರ) ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಭಾಗವಹಿಸಿದ್ದರು. ಮರುವರ್ಷ ಉಹುದ್‌ನಲ್ಲಿ ಮುಸ್ಲಿಮರ ಸಾಲು ಚದುರಿದಾಗ ತನ್ನ ಗುರಾಣಿಯನ್ನು ಅಡ್ಡವಿಟ್ಟು ಪ್ರವಾದಿವರ್ಯರ(ಸ) ಮುಂದೆ ನಿಂತರು. ಅವರು ಬಲಿಷ್ಠ ಬಿಲ್ಲುಗಾರರು. ಆ ದಿನ ಅವರ ಕೈಯಲ್ಲಿ ಎರಡೋ ಮೂರೋ ಬಿಲ್ಲುಗಳು ಮುರಿದುವೆಂದು ಬುಖಾರಿಯ ವರದಿಯಲ್ಲಿದೆ. ಅವರ ಪತ್ನಿ ಉಮ್ಮು ಸುಲೈಮ್(ರ) ಅದೇ ರಣರಂಗದಲ್ಲಿ ಬೆನ್ನ ಮೇಲೆ ನೀರಿನ ಚರ್ಮದ ಚೀಲ ಹೊತ್ತು ಬಾಯಾರಿದವರಿಗೆ ನೀರುಣಿಸುತ್ತಿದ್ದರು.

ಇಷ್ಟು ಸೇವೆ ಸಲ್ಲಿಸಿದವನು 'ನನ್ನ ಪಾಲಿನ ಕರ್ತವ್ಯ ಮುಗಿಯಿತು, ಇನ್ನು ನನ್ನ ತೋಟ ನನಗೆ' ಎಂದು ಸುಮ್ಮನಿರಬಹುದಿತ್ತು. ಅನ್ಸಾರ್‌ಗಳಲ್ಲಿ ಅತ್ಯಧಿಕ ಖರ್ಜೂರದ ತೋಟಗಳಿದ್ದುದು ಅವರಿಗೇ. ಅವುಗಳಲ್ಲಿ ಅವರಿಗೆ ಅತ್ಯಂತ ಪ್ರಿಯವಾದುದು 'ಬೈರುಹಾ' ತೋಟ. ಅದು ಮಸೀದಿಯ ಎದುರಿಗಿತ್ತು. ಪ್ರವಾದಿ(ಸ) ಅಲ್ಲಿಗೆ ಹೋಗಿ ಸಿಹಿ ನೀರು ಕುಡಿಯುತ್ತಿದ್ದರು.

ತನಗೆ ಪ್ರಿಯವಾದುದನ್ನು ಖರ್ಚು ಮಾಡದೆ ಮನುಷ್ಯನು ಪುಣ್ಯದ ಪದವಿಗೇರಲಾರನೆಂದು ತಿಳಿಸುವ ಸೂಕ್ತ (ಆಲಿ ಇಮ್ರಾನ್: 92) ಅವತೀರ್ಣವಾಯಿತು. ನಾವೆಲ್ಲ ಆ ಸೂಕ್ತವನ್ನು ಓದಿದ್ದೇವೆ. ಅಬೂ ತಲ್ಹಾ(ರ) ಅದನ್ನು ಕೇಳಿ ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಬಂದರು. ತನಗೆ ಅತಿ ಪ್ರಿಯವಾದುದು ಬೈರುಹಾ, ಅದನ್ನು ಅಲ್ಲಾಹನಿಗಾಗಿ ಕೊಟ್ಟಿದ್ದೇನೆ, ತಾವು ಎಲ್ಲಿ ಬೇಕೋ ಅಲ್ಲಿ ವಿನಿಯೋಗಿಸಿರಿ ಎಂದು ಅರಿಕೆ ಮಾಡಿಕೊಂಡರು. ಪ್ರವಾದಿ(ಸ) ಸಂತೋಷಪಟ್ಟರು, ಅದನ್ನು ಲಾಭದಾಯಕ ಸಂಪತ್ತೆಂದು ಹೊಗಳಿದರು. ಆದರೆ ಅದನ್ನು ತಾವು ತೆಗೆದುಕೊಳ್ಳಲಿಲ್ಲ. ಹತ್ತಿರದ ಬಂಧುಗಳಿಗೇ ಹಂಚಿಬಿಡುವಂತೆ ಸೂಚಿಸಿದರು. ಅಬೂ ತಲ್ಹಾ(ರ) ಹಾಗೆಯೇ ಮಾಡಿದರು.

ಇಲ್ಲಿ ಎರಡು ಪಾಠಗಳಿವೆ. ಒಂದು, ಕೊಡುವುದಾದರೆ ಒಳ್ಳೆಯದನ್ನು ಕೊಡಬೇಕು. ಅದೇ ಮದೀನಾದಲ್ಲಿ ಬಡವರಿಗಾಗಿ ಮಸೀದಿಯಲ್ಲಿ ಖರ್ಜೂರದ ಗೊನೆಗಳನ್ನು ತೂಗುಹಾಕುವ ರೂಢಿಯಿತ್ತು. ಕೆಲವರು ಒಣಗಿದ, ಹಾಳಾದ ಗೊನೆಗಳನ್ನು ತಂದು ಹಾಕಿದಾಗ ಅಲ್ಲಾಹನು ಅದನ್ನು ತಡೆದನು (ಅಲ್ ಬಕರಃ: 267). ನಮ್ಮ ಮನೆಯಲ್ಲಿ ಯಾರೂ ಉಡದ ಬಟ್ಟೆ, ಯಾರೂ ಉಣ್ಣದ ಅನ್ನ ಬಾಗಿಲಿಗೆ ಬಂದವನ ಪಾಲಾಗುತ್ತಿದ್ದರೆ ಅದು ದಾನವೋ, ಮನೆ ಗುಡಿಸುವ ಕೆಲಸವೋ? ಇನ್ನೊಂದು, ದಾನವು ಹತ್ತಿರದಿಂದ ಆರಂಭವಾಗಬೇಕು. ದೂರದವರಿಗೆ ಕೊಟ್ಟರೆ ಹೆಸರು ಬರುತ್ತದೆ. ಹತ್ತಿರದ ಬಂಧುವಿಗೆ ಕೊಡಲು ಹಳೆಯ ಮುನಿಸು, ಮತ್ಸರ, ಬೇಲಿಯ ಜಗಳ ಎಲ್ಲವನ್ನೂ ಮರೆಯಬೇಕಾಗುತ್ತದೆ. ಆದುದರಿಂದಲೇ ಅದು ಕಷ್ಟ, ಆದುದರಿಂದಲೇ ಅದಕ್ಕೆ ಇಮ್ಮಡಿ ಪ್ರತಿಫಲ.

ತೋಟ ಕೊಟ್ಟುದು ಒಂದು ದಿನದ ಕೆಲಸ. ಅವರ ಇನ್ನೊಂದು ಸೇವೆಯ ಬಗ್ಗೆ ನಾವು ಅಷ್ಟಾಗಿ ಮಾತನಾಡುವುದಿಲ್ಲ. ಮದೀನಾದವರಿಗೆ ಕಬರ್ ತೋಡಿಕೊಡುತ್ತಿದ್ದವರು ಈ ಅಬೂ ತಲ್ಹಾರೇ(ರ)! ಕಿಬ್ಲಾದ ಕಡೆಗೆ ಗೂಡು ಕೊರೆದು 'ಲಹದ್' ಮಾಡುವುದು ಮದೀನಾದ ಪದ್ಧತಿ. ಊರಿನ ಶ್ರೀಮಂತ ತೋಟಗಾರ, ಬದ್ರ್‌ನ ಯೋಧ, ಯಾರದೋ ಮನೆಯಲ್ಲಿ ಮರಣವಾದರೆ ಗುದ್ದಲಿ ಹಿಡಿದು ಮಣ್ಣಿಗಿಳಿಯುತ್ತಿದ್ದರು. ಈ ಕೆಲಸಕ್ಕೆ ಯುದ್ಧಾರ್ಜಿತ ಸೊತ್ತಿನ ಪಾಲಿಲ್ಲ. ಉಪಕಾರ ಪಡೆದವನು ಎದ್ದು ಬಂದು ಕೃತಜ್ಞತೆ ಹೇಳುವಂತೆಯೂ ಇಲ್ಲ.

ಕ್ರಿ.ಶ. 632ರಲ್ಲಿ ಪ್ರವಾದಿ(ಸ) ನಿಧನರಾದಾಗ ಕಬರ್ ಯಾವ ರೀತಿಯದಾಗಬೇಕೆಂದು ಸಹಾಬಿಗಳಲ್ಲಿ ಚರ್ಚೆಯಾಯಿತು. ಮಕ್ಕಾದ ಪದ್ಧತಿಯಂತೆ ತೋಡುವ ಅಬೂ ಉಬೈದಾ(ರ) ಹಾಗೂ ಅಬೂ ತಲ್ಹಾ(ರ) ಇಬ್ಬರಿಗೂ ಕರೆ ಹೋಯಿತು. ಮೊದಲು ಬಂದು ತಲಪಿದವರು ಅಬೂ ತಲ್ಹಾ(ರ). ಅವರೇ ಲಹದ್ ತೋಡಿದರು. ಊರಿನ ಸಾಮಾನ್ಯರಿಗಾಗಿ ಮಣ್ಣು ಅಗೆದು ಪಳಗಿದ ಕೈಗಳಿಗೆ ಅಲ್ಲಾಹನು ಕೊಟ್ಟ ಗೌರವವನ್ನು ನೋಡಿರಿ! ಅಂದು ಉಹುದ್‌ನಲ್ಲಿ ಯಾರ ಮುಂದೆ ಗುರಾಣಿಯಾಗಿ ನಿಂತರೋ ಅವರಿಗೆ ಕೊನೆಯ ವಿಶ್ರಾಂತಿ ಸ್ಥಳವನ್ನು ಸಿದ್ಧಪಡಿಸುವ ಭಾಗ್ಯ ಅದೇ ಕೈಗಳಿಗೆ ದೊರೆಯಿತು.

ಅವರ ಸೇವೆ ಅಲ್ಲಿಗೂ ಮುಗಿಯಲಿಲ್ಲ. ಕ್ರಿ.ಶ. 644ರಲ್ಲಿ ಮರಣಶಯ್ಯೆಯಲ್ಲಿದ್ದ ಖಲೀಫ ಉಮರ್(ರ), ಹೊಸ ಖಲೀಫರ ಆಯ್ಕೆ ಶಾಂತಿಯಿಂದ ನಡೆಯುವಂತೆ 50 ಮಂದಿ ಅನ್ಸಾರ್‌ಗಳೊಂದಿಗೆ ಕಾವಲಿರುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಊರಿಡೀ ನಂಬುವ ಮನುಷ್ಯನಿಗಲ್ಲದೆ ಅಂತಹ ಹೊಣೆ ಯಾರಿಗೆ ಸಿಕ್ಕೀತು? ಆ ನಂಬಿಕೆ ಭಾಷಣದಿಂದ ಗಳಿಸಿದ್ದಲ್ಲ. ತೋಟದಲ್ಲಿ, ಮಸೀದಿಯಲ್ಲಿ, ಕಬರ್‌ಸ್ತಾನದಲ್ಲಿ ವರ್ಷಾನುವರ್ಷ ಗಳಿಸಿದ್ದು.

ಸಹೋದರ ಸಹೋದರಿಯರೇ, ನಮ್ಮಲ್ಲಿ ಎಲ್ಲರಿಗೂ ಬೈರುಹಾ ಇಲ್ಲ. ಆದರೆ ಪ್ರಿಯವಾದುದೊಂದು ಎಲ್ಲರಲ್ಲೂ ಇದೆ. ಒಬ್ಬರಿಗೆ ಅದು ಹಣ, ಒಬ್ಬರಿಗೆ ಸಮಯ, ಇನ್ನೊಬ್ಬರಿಗೆ ತನ್ನ ಅಂತಸ್ತು. ನಮ್ಮ ಮಹಲ್ಲಾದಲ್ಲಿ ಮರಣವಾದಾಗ ನಾವು ಮಯ್ಯಿತ್ ಹೊರಡುವ ಸಮಯ ಕೇಳಿ, ಸರಿಯಾಗಿ ಆ ಹೊತ್ತಿಗೆ ತಲಪುವವರೇ? ಅಥವಾ ಮುಂಜಾನೆಯೇ ಹೋಗಿ ಗುದ್ದಲಿಗೆ ಕೈ ಹಚ್ಚುವವರೇ? ನಮ್ಮ ಮಕ್ಕಳು ಇವೆರಡರಲ್ಲಿ ಯಾವುದನ್ನು ನಮ್ಮಿಂದ ಕಲಿಯುತ್ತಿದ್ದಾರೆ? ಕಬರ್ ತೋಡುವ ಬಡವನನ್ನು ನಾವು ಮದುವೆಯ ಚಪ್ಪರದಲ್ಲಿ ಎಲ್ಲಿ ಕುಳ್ಳಿರಿಸುತ್ತೇವೆ?

ಈ ಪ್ರಶ್ನೆಗಳನ್ನು ಇತರರಿಗೆ ಕೇಳುವುದು ಬೇಡ. ಇಂದು ಮಗ್ರಿಬ್ ನಮಾಝ್ ಮುಗಿದ ಮೇಲೆ ಮನೆಮಂದಿಯೊಂದಿಗೆ ಕುಳಿತು, ನಮ್ಮ ಹತ್ತಿರದ ಬಂಧುಗಳಲ್ಲಿ ಕಷ್ಟದಲ್ಲಿರುವವರು ಯಾರು, ಅವರಿಗೆ ನಮ್ಮಲ್ಲಿರುವ ಒಳ್ಳೆಯದರಲ್ಲಿ ಏನು ಕೊಡಬಹುದು ಎಂದು ಆಲೋಚಿಸೋಣ.

ಪ್ರಿಯವಾದುದನ್ನು ಅವನಿಗಾಗಿ ಬಿಟ್ಟುಕೊಡುವ ಮನಸ್ಸನ್ನೂ, ಜನರ ಸೇವೆಯಲ್ಲಿ ಬಾಗುವ ಬೆನ್ನನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.