ಬದು ದಾಟಿದ ಮಣ್ಣು

ಮುಂಗಾರಿನ ಮೊದಲ ಭಾರಿ ಮಳೆಗೆ ತುಂಗಭದ್ರೆ ಕೆಂಪಗೆ ಹರಿಯುತ್ತಾಳೆ. ಹೊಸ ನೀರು ಬಂತೆಂದು ದಂಡೆಯ ಊರುಗಳು ಹಿಗ್ಗುತ್ತವೆ. ಆ ಬಣ್ಣ ಮಾತ್ರ ಮಳೆಯದಲ್ಲ, ಮೇಲಿನ ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಯ ಹೊಲಗದ್ದೆಗಳದು.

1953ರಲ್ಲಿ ಹೊಸಪೇಟೆಯ ಅಣೆಕಟ್ಟೆ ಮುಗಿದಾಗ ಜಲಾಶಯದಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಮಿಕ್ಕ ಜಾಗದಲ್ಲಿ ಹೂಳು ಕೂತಿದೆ. ಮಣ್ಣು ಒಂಟಿಯಾಗಿಯೂ ಹೋಗುವುದಿಲ್ಲ. ಬಿತ್ತುವಾಗ ಹಾಕಿದ ಡಿಎಪಿಯ ರಂಜಕ ಜೇಡಿಯ ಕಣಕ್ಕೆ ಅಂಟಿಕೊಂಡು ಹೊರಡುತ್ತದೆ, ಯೂರಿಯಾದ ಸಾರಜನಕ ನೀರಲ್ಲಿ ಕರಗಿ ಜೊತೆಯಾಗುತ್ತದೆ. ಪೈರಿಗೆಂದು ಇಟ್ಟ ಊಟವನ್ನು ನಿಂತ ನೀರಿನ ಪಾಚಿ ಉಣ್ಣುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕ ಬರಿದಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಕಳೆಯುವುದು ಹಸಿವಿಗಲ್ಲ, ಉಸಿರಿಗೆ.

ಇದಕ್ಕೆ ಹೊಣೆ ಯಾರು? 1974ರ ಜಲಮಾಲಿನ್ಯ ಕಾಯ್ದೆಗೆ ಕಾರ್ಖಾನೆಯ ಕೊಳವೆ ಕಾಣುತ್ತದೆ, ಮಳೆಗೆ ಕೊಳವೆಯಿಲ್ಲ. ಒಬ್ಬನ ಎರಡೆಕರೆಯಿಂದ ಹೋದದ್ದನ್ನು ಅಳೆದರೆ ಕೈಗೆ ಹತ್ತುವಷ್ಟೂ ಇರದು. ಸಾಲ ಮಾಡಿ ಗೊಬ್ಬರ ತಂದವನಿಗೆ ಅದು ಹೊಳೆಪಾಲಾಗಲಿ ಎಂಬ ಆಸೆಯಂತೂ ಇಲ್ಲ. ಕರ್ಮದ ಲೆಕ್ಕದಲ್ಲಿ ನಾವು ಸಂಕಲ್ಪವನ್ನು ಹುಡುಕುತ್ತೇವೆ. ಇಲ್ಲಿ ಸಂಕಲ್ಪವೇ ಇಲ್ಲ, ಫಲ ಮಾತ್ರ ಇದೆ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಒಂದು ಗೇಣು ಬದುವಿಗಾಗಿ ದಾಯಾದಿಗಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ, ಬಾಂದುಕಲ್ಲು ಜರುಗಿದರೆ ಮಾತು ಬಿಡುತ್ತಾರೆ. ಅದೇ ಬದುವನ್ನು ಮಳೆ ಒಡೆದು ಮೇಲ್ಮಣ್ಣನ್ನೇ ಹೊತ್ತೊಯ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಪಹಣಿಯಲ್ಲಿ ಎಕರೆ ಗುಂಟೆಗಳಿವೆ, ಮಣ್ಣಿನ ಆಳಕ್ಕೆ ಕಾಲಂ ಇಲ್ಲ. ನಮ್ಮದೆಂಬ ಮಮಕಾರವೂ ಅಷ್ಟೇ ತೆಳುವೇನೋ.

ಕೆರೆಯ ಊರುಗಳಲ್ಲಿ ಹೀಗಿರಲಿಲ್ಲ. ಹಳೆಯ ಕಾಲವೆಲ್ಲ ಚಿನ್ನ ಎನ್ನುವವನಲ್ಲ ನಾನು, ಆದರೆ ಇದೊಂದನ್ನು ಒಪ್ಪಬೇಕು. ಹೊಲ ಕಳೆದುಕೊಂಡದ್ದು ಕಣ್ಣಳತೆಯ ಕೆರೆಯಲ್ಲೇ ಕೂರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಆ ಗೋಡನ್ನು ಗಾಡಿಗೆ ತುಂಬಿ ಮತ್ತೆ ಹೊಲಕ್ಕೆ ಹೊಡೆಯುತ್ತಿದ್ದರು. ದನ ಕುಡಿಯುವ ನೀರೂ ಅದೇ ಆದ್ದರಿಂದ ಕೆರೆಗೆ ಏನು ಹರಿದು ಬರುತ್ತದೆಂಬುದು ಊರಿನ ಮಾತಾಗಿತ್ತು. ಹಾವೇರಿಯ ಮಣ್ಣು ಹೊಸಪೇಟೆಯಲ್ಲಿ ಕೂತರೆ ಅದು ಯಾವ ಊರಿನ ಮಾತು?

ಸರ್ಕಾರಕ್ಕೂ ಹೂಳೆತ್ತುವುದು ದುಬಾರಿಯಾಗಿ ಕಂಡಿದೆ. ನಷ್ಟವಾದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದಕ್ಕೆ ಬೇಕಾಗುವುದೂ ಸಾವಿರಾರು ಎಕರೆ ಜಮೀನು.