ಯಾರ ಪಾಪದ ಲೆಕ್ಕ

ಭೂಕಂಪ ಯಾಕೆ ಆಗುತ್ತದೆಂದು ಹೇಳಲು ಹೋದ ಊರುಗಳಲ್ಲೆಲ್ಲ ನನಗೆ ಎದುರಾಗುವುದು ಬೇರೆಯೇ ಪ್ರಶ್ನೆ. ದೇವದುರ್ಗ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಶಿಲಾಪದರ, ಬಿರುಕು, ಅಲೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ಮುಗಿಸಿದ್ದೆ. ಮೊಮ್ಮಗಳನ್ನು ಕರೆದೊಯ್ಯಲು ಬಂದು ಹೊಸ್ತಿಲ ಬಳಿ ಕೂತಿದ್ದ ಮುದುಕಿಯೊಬ್ಬರು ಕೇಳಿದರು: "ಅಕ್ಕೋರ, ನೀವು ಹೇಳಿದ್ದೆಲ್ಲಾ ಖರೆ ಇದ್ದೀತು. ಆದ್ರ ಆ ಕಿಲ್ಲಾರಿ ಮಂದಿ ಏನ್ ಪಾಪ ಮಾಡಿದ್ರು ಅಂತ ಹಂಗಾತು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹುಟ್ಟಿದ್ದು ಮಾನ್ವಿಯಲ್ಲಿ, ಕಲಿಸಿದ್ದು ಹೆಚ್ಚಾಗಿ ದೇವದುರ್ಗದ ಕಡೆ, ಮನೆ ಇರುವುದು ರಾಯಚೂರಿನಲ್ಲಿ. ಇಂಥ ಪ್ರಶ್ನೆ ಬಂದಾಗ ಮೂಢನಂಬಿಕೆ ಎಂದು ಪಕ್ಕಕ್ಕೆ ಸರಿಸುವುದು ನಮ್ಮ ಕಸುಬಿನವರ ರೂಢಿ. ನನಗದು ಸರಿ ಕಾಣುವುದಿಲ್ಲ. ಆ ತಾಯಿ ಕೇಳುತ್ತಿದ್ದುದು ನ್ಯಾಯದ ಮಾತು. ಇಷ್ಟು ಜನ ಸುಮ್ಮಸುಮ್ಮನೆ ಸತ್ತರು ಎಂದು ಒಪ್ಪಿಕೊಳ್ಳಲು ಅವರ ಮನಸ್ಸು ಸಿದ್ಧವಿಲ್ಲ. ಸತ್ತವರಿಗೆ ತೋರುವ ಒಂದು ಬಗೆಯ ಗೌರವವೂ ಅದರಲ್ಲಿದೆ.

ಕಿಲ್ಲಾರಿ ನಮ್ಮ ಗಡಿಯಾಚೆಗೇ ಇದೆ. ಲಾತೂರ್ ಜಿಲ್ಲೆಯ ಊರು. ಬಸವಕಲ್ಯಾಣದಿಂದ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರೂ ಆಗುವುದಿಲ್ಲ, ರಾಯಚೂರಿನಿಂದ ಸುಮಾರು 220. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಅನಂತ ಚತುರ್ದಶಿಗೆ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಪ್ರಮಾಣ 6.2ರ ಆಸುಪಾಸು. ಎಂಟರಿಂದ ಹತ್ತು ಸಾವಿರ ಜನ ಹೋದರು. ಆ ಹೊತ್ತಿಗೆ ರಾಯಚೂರಿನ ನಮ್ಮ ಮನೆಯಲ್ಲಿ ಅಡ್ಡಹಲಗೆಯ ಮೇಲಿನ ಪಾತ್ರೆಗಳು ಗಲಗಲ ಎಂದವು. ಓಣಿಯವರೆಲ್ಲ ಹೊರಗೆ ಬಂದು ನಿಂತೆವು. ಏನಾಯಿತೆಂದು ತಿಳಿದದ್ದು ರೇಡಿಯೋ ಹೇಳಿದ ಮೇಲೆ. ನೆಲದೊಳಗಿನ ಮೊದಲ ಅಲೆ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಬೇಕು, ಜೋರಾಗಿ ಅಲುಗಿಸುವ ಎರಡನೆಯ ಅಲೆಗೆ ಸುಮಾರು ಒಂದು ನಿಮಿಷ. ನಮ್ಮ ಪಾತ್ರೆಗಳು ಸದ್ದು ಮಾಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದುಹೋಗಿತ್ತು.

ನಮ್ಮದು ಕಲ್ಲಿನ ನಾಡು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತೊಂದು ಅಡಿ ಉದ್ದದ ಬಂಡೆಯನ್ನು ನೋಡಿದವರಿಗೆ ಇಲ್ಲಿ ಯಾವುದೂ ಕದಲದು ಅನ್ನಿಸುತ್ತದೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಡಿಯ ಬಂಡೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. "ಹಿಮಾಲಯದಾಗ ಆಗ್ತದ, ಗುಜರಾತದಾಗ ಆಗ್ತದ, ನಮ್ಮ ಗಟ್ಟಿ ನೆಲಕ್ಕೇನಾಗ್ತದ?" ಎಂದು ಓದಿದವರೂ ನನ್ನನ್ನು ಕೇಳಿದ್ದಾರೆ. ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಆಮೇಲೆ ಕೊಳವೆ ಕೊರೆದು ನೋಡಿದರು. ಮೇಲೆ ಮುನ್ನೂರು ಮೀಟರಿಗೂ ಹೆಚ್ಚು ದಪ್ಪದ ದಖನ್ ಲಾವಾ ಕಲ್ಲು, ಅದರ ಕೆಳಗೆ ನಮ್ಮದೇ ಧಾರವಾಡ ಶಿಲಾಖಂಡದ ಹಳೆಯ ಬಂಡೆ. ಒಡೆದದ್ದು ಆ ಬಂಡೆ. ಅಲ್ಲಿ ಮರಳು ಮೆತ್ತಗಿತ್ತು, ಮಣ್ಣು ಸಡಿಲವಿತ್ತು ಎಂದು ಹೇಳಿ ನಾವು ನುಣುಚಿಕೊಳ್ಳುವ ಹಾಗಿಲ್ಲ.

ಹಳೆಯ ಬಂಡೆ ಯಾಕೆ ಒಡೆಯಬೇಕು? ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಸರಿದು ಟಿಬೆಟ್ಟಿಗೆ ಒತ್ತುತ್ತಿದೆ. ಒತ್ತಡದ ಹೆಚ್ಚಿನ ಪಾಲು ಹಿಮಾಲಯದಲ್ಲೇ ಮುಗಿಯುತ್ತದೆ. ಆದರೆ ಬಿದಿರಿನ ದಬ್ಬೆಯ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದರೆ ನಡುಭಾಗವೂ ಬಾಗುತ್ತದಲ್ಲ, ಹಾಗೆ ಈ ಒಳನಾಡಿಗೂ ಒಂದು ಪಾಲು ಬಂದು ಸೇರುತ್ತದೆ. ಯಾವ ಕಾಲದಲ್ಲೋ ಸೀಳಿ ಮತ್ತೆ ಕೂಡಿಕೊಂಡ ಬಿರುಕುಗಳು ಸಾವಿರಾರು ವರ್ಷ ಆ ಒತ್ತಡ ತಾಳಿ ಒಂದು ದಿನ ಜಾರುತ್ತವೆ. ಜಾರಿದ್ದು ಕೆಲವೇ ಕಿಲೋಮೀಟರ್ ಆಳದಲ್ಲಾದರೆ ಮೇಲಿನ ಊರಿಗೆ ಪೆಟ್ಟು ಜೋರು. ಕಿಲ್ಲಾರಿಯಲ್ಲಿ ಆದದ್ದು ಇದೇ. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಊರು ಒಂದನೇ ವಲಯದಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ರಾಯಚೂರು ಎರಡನೇ ವಲಯ, ಅದರಲ್ಲಿ ಅದೇ ಅತಿ ಕೆಳಗಿನದು. ಅಪಾಯ ಕಡಿಮೆ ಎಂಬುದು ಸತ್ಯವೇ. ಅಪಾಯ ಇಲ್ಲವೆಂದು ಆ ನಕ್ಷೆ ಹೇಳುವುದಿಲ್ಲ.

ಈಗ ಪಾಪದ ಮಾತಿಗೆ ಬರುತ್ತೇನೆ. ಈ ಪ್ರಶ್ನೆಯ ಮೇಲೆ ಇಬ್ಬರು ಮಹನೀಯರು ಬಹಿರಂಗವಾಗಿ ವಾದಿಸಿದ್ದರು. 1934ರ ಜನವರಿ 15ರಂದು ಬಿಹಾರ ನಡುಗಿತು. ಆಗ ಅಸ್ಪೃಶ್ಯತೆಯ ವಿರುದ್ಧ ದಕ್ಷಿಣದಲ್ಲಿ ಪ್ರವಾಸದಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರ ಜೊತೆಗೇ ನಿಂತಿದ್ದ ರವೀಂದ್ರನಾಥ ಠಾಕೂರರಿಗೆ ಈ ಮಾತು ಸಹಿಸಲಾಗಲಿಲ್ಲ. ಪ್ರಕೃತಿಯ ಉತ್ಪಾತಕ್ಕೆ ಪ್ರಕೃತಿಯಲ್ಲೇ ಕಾರಣವಿದೆ. ಶಿಕ್ಷೆಯೆಂಬ ನಿಮ್ಮ ತರ್ಕವನ್ನೇ ಹಿಡಿದು ನಿಮ್ಮ ವಿರೋಧಿಗಳು ಭೂಕಂಪವನ್ನು ನಿಮ್ಮ ತಲೆಗೇ ಕಟ್ಟಿಯಾರು ಎಂಬ ಅರ್ಥದಲ್ಲಿ ಬರೆದರು. ಗಾಂಧೀಜಿ ಆ ಬರಹವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ನಾನು ಠಾಕೂರರ ಪಕ್ಷ. ಆದರೂ ಗಾಂಧೀಜಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರು ಬೆರಳು ತೋರಿಸಿದ್ದು ಸತ್ತವರತ್ತ ಮಾತ್ರವಲ್ಲ, ತಮ್ಮನ್ನೂ ಸೇರಿಸಿ ಇಡೀ ಸವರ್ಣ ಸಮಾಜದತ್ತ. ಇನ್ನೂ ಒಂದು ಸಂಗತಿ. ಕಿಲ್ಲಾರಿ ಸುತ್ತಲ ಹಳ್ಳಿಗಳಲ್ಲಿ ಉರುಳಿದ್ದು ದಪ್ಪ ಕಲ್ಲುಗೋಡೆಯ, ಮೇಲೆ ಮಣ್ಣು ಹೇರಿದ ಮಾಳಿಗೆ ಮನೆಗಳು. ಕಟ್ಟಿಗೆ ನೆಟ್ಟು ಹುಲ್ಲು ಹೊದಿಸಿದ ಬಡವರ ಹಗುರ ಗುಡಿಸಲುಗಳು ಬಹುಪಾಲು ಉಳಿದವು. ಇದನ್ನು ಓದಿದಾಗ, ಶಿಕ್ಷೆ ಹೋಗಿ ತಟ್ಟಬೇಕಾದವರಿಗೇ ತಟ್ಟಿತೇ ಎಂದು ಒಂದು ಕ್ಷಣ ಯಾರಿಗಾದರೂ ಅನ್ನಿಸಬಹುದು. ಆದರೆ ಆ ಕಲ್ಲುಮನೆಗಳಲ್ಲಿ ಮಲಗಿದ್ದವರಲ್ಲಿ ಕೂಸುಗಳಿದ್ದವು, ಆ ಮನೆಯ ದನ ಕಾಯುವವರಿದ್ದರು, ಗಣಪತಿ ನೋಡಲು ತವರಿಗೆ ಬಂದ ಹೆಣ್ಣುಮಕ್ಕಳೂ ಇದ್ದಿರಲೇಬೇಕು. ಬಿಹಾರದಲ್ಲಿ ಸತ್ತವರಲ್ಲಿ ಅಸ್ಪೃಶ್ಯತೆಯನ್ನು ಉಂಡವರೇ ಎಷ್ಟೋ ಮಂದಿ. ಪಾಪ ಮಾಡಿದವನಿಗೂ ಅದನ್ನು ಸಹಿಸಿದವನಿಗೂ ಒಂದೇ ತೊಲೆ ಬೀಳುವುದಾದರೆ ಅದನ್ನು ಶಿಕ್ಷೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಗುಡಿಸಲು ಉಳಿದದ್ದು ಅದು ಹಗುರವಿದ್ದುದರಿಂದ.

ಧರ್ಮದ ಒಳಗಿನಿಂದಲೇ ಇದಕ್ಕೊಂದು ಉತ್ತರ ನಮ್ಮ ನೆಲದಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಮಾನ್ವಿಯ ಜಗನ್ನಾಥದಾಸರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 'ಹರಿಕಥಾಮೃತಸಾರ' ಬರೆಯುವ ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಪಂಡಿತರು. ವಿಜಯದಾಸರನ್ನು ತಾತ್ಸಾರ ಮಾಡಿದ್ದಕ್ಕೆ ಹೊಟ್ಟೆನೋವು ಬಂದು ಸಾವಿನಂಚಿಗೆ ಹೋದರು ಎನ್ನುತ್ತದೆ ಐತಿಹ್ಯ. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿ ಉತ್ತನೂರಿನಲ್ಲಿ ನೆಲೆಸಿದವರು. ಅವರು ಮಾಡಿದ್ದೇನು? ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದು ಕೊಟ್ಟರು.

ನಮ್ಮಜ್ಜಿ ಈ ಕಥೆಯನ್ನು ಮಾನ್ವಿಯ ದಾಸರ ಗುಡಿಯಲ್ಲಿ ಕೂತು ಹೇಳುತ್ತಿದ್ದಳು. ಪಂಡಿತನಿಗೆ ತಕ್ಕ ಶಾಸ್ತಿ ಆಯಿತು ಎಂದು ಕೇಳುಗರು ಯಾರಾದರೂ ಅಂದರೆ ಸಿಟ್ಟಾಗುತ್ತಿದ್ದಳು. "ಅವರ ಕರ್ಮ ಅವರಿಗೆ ತಿಳೀತು, ಅವರು ಅತ್ತರು. ನೀ ಯಾಕ ಲೆಕ್ಕ ಬರೀಲಿಕ್ಕೆ ಕೂತಿ? ಗೋಪಾಲದಾಸರು ಬರೆದರೇನು?" ಎನ್ನುತ್ತಿದ್ದಳು. ಈ ಕಥೆಯಲ್ಲಿ ಪಾಪವಿದೆ, ಫಲವಿದೆ, ನಾನು ಮುಚ್ಚಿಡುವುದಿಲ್ಲ. ಆದರೆ ತಪ್ಪಿನ ಲೆಕ್ಕ ಒಪ್ಪಿಸಿದವರು ತಪ್ಪು ಮಾಡಿದವರೇ. ಎದುರಿಗಿದ್ದವರು ನೋವನ್ನು ಕಂಡು ಕೊಡಲು ತಮ್ಮ ಬಳಿ ಏನಿದೆ ಎಂದು ನೋಡಿಕೊಂಡರು. ಜೀವರ ಅನಾದಿ ಕರ್ಮವನ್ನು ಬಲ್ಲವನು ಹರಿ ಒಬ್ಬನೇ ಎಂದು ನಂಬುವವರು, ಹತ್ತು ಸಾವಿರ ಜನರ ಕರ್ಮವನ್ನು ತಾವು ಓದಿದೆವೆಂದು ಹೇಳಿದರೆ ದೇವರ ಜಾಗದಲ್ಲಿ ತಾವು ಕೂತ ಹಾಗಾಯಿತು. ಹೊಸ್ತಿಲ ಬಳಿಯ ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: "ಯಮ್ಮಾ, ಅವರ ಪಾಪ ಏನಿತ್ತೋ ನಮಗ್ಯಾರಿಗೂ ಗೊತ್ತಾಗಂಗಿಲ್ಲ. ಅವರ ಗೋಡಿ ಹೆಂಗಿತ್ತು ಅನ್ನೋದು ಗೊತ್ತದ. ಅದನ್ನ ಹೇಳ್ತೀನಿ, ಕೇಳ್ರಿ."

ಆ ಗೋಡೆ ಹೇಗಿತ್ತು ಎಂದರೆ, ದೇವದುರ್ಗ, ಮಾನ್ವಿಯ ಹಳೆಯ ಓಣಿಗಳಲ್ಲಿ ಇರುವ ಹಾಗೆಯೇ ಇತ್ತು. ಎರಡು ಅಡಿಗೂ ಮೀರಿದ ದಪ್ಪ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ನೋಡಲು ಕೋಟೆಯ ಹಾಗೆ, ನಿಜದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆಗಳು. ಎರಡನ್ನೂ ಹಿಡಿದಿಡುವ, ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಗಲ್ಲು ಅಲ್ಲಲ್ಲಿ ಇಡದಿದ್ದರೆ ನೆಲ ಅಡ್ಡಕ್ಕೆ ಅಲುಗಿದಾಗ ಎರಡೂ ಬಿಚ್ಚಿಕೊಂಡು ಒಂದು ಒಳಗೆ, ಒಂದು ಹೊರಗೆ ಬೀಳುತ್ತವೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಳೆಗಾಲಕ್ಕೆ ಮೊದಲು ವರ್ಷ ವರ್ಷ ಹಾಕುತ್ತ ಬಂದ ಮಣ್ಣು. ಬೇಸಿಗೆಯಲ್ಲಿ ಮನೆ ತಂಪಾಗಿಡುವ ಆ ಮಣ್ಣೇ ಬಿದ್ದಾಗ ಹೂಳುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಭೂಕಂಪವಿಲ್ಲದೆಯೇ ಮಾಳಿಗೆ ಕುಸಿದು ಜೀವ ಹೋಗುವುದಿದೆ. ತೊಲೆಯ ಭಾರವನ್ನು ಗೋಡೆ ಹೊರದೆ ಮರದ ಕಂಬಗಳು ಹೊತ್ತಿದ್ದ ಕಡೆ, ಗೋಡೆ ಉದುರಿದರೂ ಮಾಳಿಗೆ ನಿಂತು ಒಳಗಿದ್ದವರು ಬದುಕಿದ ಉದಾಹರಣೆಗಳು ಕಿಲ್ಲಾರಿಯಲ್ಲಿ ಇವೆ. ಆದ್ದರಿಂದ, ಜಾಗ ಅಗಲವಾಗಲೆಂದು ಪಡಸಾಲೆಯ ಕಂಬ ತೆಗೆಸುವವರನ್ನು ಕಂಡರೆ ನಾನು ಗೋಗರೆದು ತಡೆಯುತ್ತೇನೆ.

ರಾಯಚೂರು ನಗರದ ಚಿಂತೆ ಬೇರೆ. ಕೆಳಗೆ ಗಾಡಿ ನಿಲ್ಲಿಸಲು ಬರೀ ಕಂಬ, ಮೇಲೆ ಇಟ್ಟಿಗೆ ಗೋಡೆಯ ಮೂರು ನಾಲ್ಕು ಅಂತಸ್ತು. ಮೇಲಿನದು ಬಿಗಿ, ಕೆಳಗಿನದು ಸಡಿಲ. ಅಲುಗಾಟವೆಲ್ಲ ಕೆಳಗಿನ ಕಂಬಗಳಿಗೇ ಬಂದು ಸೇರುತ್ತದೆ. 2001ರ ಜನವರಿ 26ರಂದು ಭುಜ್ ಬಳಿ 7.7 ಪ್ರಮಾಣದ ಕಂಪನವಾದಾಗ, ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಕಟ್ಟಡಗಳೇ ಕುಸಿದು ನೂರಾರು ಜನ ಸತ್ತರು. ಎರೆಮಣ್ಣಿನ ಮೇಲೆ ಕಟ್ಟುವವರು ಇನ್ನೊಂದು ಮಾತು ತಿಳಿದಿರಬೇಕು: ಮೆತ್ತನೆಯ ಮಣ್ಣಿನ ಪದರ ಬಂಡೆಗಿಂತ ಹೆಚ್ಚು ಅಲುಗುತ್ತದೆ.

ಕೊಲ್ಲುವುದು ಕಟ್ಟಡ ಎಂಬಂಥ ಮಾತನ್ನು 1756ರಲ್ಲೇ ರೂಸೋ ವಾಲ್ಟೇರನಿಗೆ ಬರೆದಿದ್ದ. ಹಿಂದಿನ ವರ್ಷ ನವೆಂಬರ್ 1ರಂದು, ಜನ ಹಬ್ಬದ ಪೂಜೆಗೆ ಚರ್ಚುಗಳಲ್ಲಿ ಸೇರಿದ್ದಾಗ ಲಿಸ್ಬನ್ ನಗರ ನೆಲಕ್ಕುರುಳಿತ್ತು. ದೇವರ ಕರುಣೆಯನ್ನು ಯುರೋಪೇ ಪ್ರಶ್ನಿಸುತ್ತಿರುವಾಗ, ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂಬುದು ಅವನ ವಾದ. ಅವನ ಮಾತು ಸರಿ, ಆದರೆ ನನಗೆ ಸಾಲದು. ಒಳ್ಳೆ ಮನೆ ಕಟ್ಟಲು ಹಣವಿಲ್ಲದವನಿಗೆ 'ನಿನ್ನ ಗೋಡೆಯೇ ನಿನ್ನ ಸಾವಿಗೆ ಕಾರಣ' ಎಂದರೆ ಪಾಪದ ಹೊರೆ ಇಳಿಸಿ ತಪ್ಪಿನ ಹೊರೆ ಹೇರಿದ ಹಾಗಾಗುತ್ತದೆ. ವಿಜ್ಞಾನ ಹೇಳುವ ನಾವು ಈ ಕ್ರೌರ್ಯಕ್ಕೆ ಸುಲಭವಾಗಿ ಇಳಿಯುತ್ತೇವೆ. ಕಿಲ್ಲಾರಿಯ ನಂತರ ಸರ್ಕಾರ ವಿಶ್ವಬ್ಯಾಂಕಿನ ಸಾಲ ತಂದು 52 ಹಳ್ಳಿಗಳನ್ನು ಬೇರೆ ಕಡೆ ಕಟ್ಟಿಸಿತು. ಅಷ್ಟು ಹಣ ಜನ ಸತ್ತ ಮೇಲೆ ಹುಟ್ಟುತ್ತದೆ, ಇರುವಾಗ ಹುಟ್ಟುವುದಿಲ್ಲ ಎಂಬುದು ನನಗೆ ನುಂಗಲಾರದ ಸಂಗತಿ. ಧರ್ಮದ ಪ್ರಶ್ನೆ ಎಂದು ಏನಾದರೂ ಇದ್ದರೆ ಅದು ಇಲ್ಲಿದೆ.

"ಮುಂದ ಯಾವಾಗ ಆಗ್ತದ ಹೇಳ್ರಿ" ಎಂದೂ ಕೇಳುತ್ತಾರೆ. ದಿನ ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ಕಂಪನಗಳು ಬಂದಿದ್ದವು, ಜನ ಹೆದರಿದ್ದರು, ನಿಂತಾಗ ಮರೆತು ಒಳಗೆ ಮಲಗಿದರು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲೂ ನೆಲ ಮತ್ತೆ ಮತ್ತೆ ಗುಡುಗಿ ಜನ ರಾತ್ರಿ ಬಯಲಲ್ಲಿ ಕಳೆದರು, ಅಲ್ಲಿ 4.1ಕ್ಕೆ ನಿಂತಿತು. ಅಂಕಿಗಳು ಹತ್ತಿರ ಕಂಡರೂ 6.2ರ ಶಕ್ತಿ ಅದರ ಸಾವಿರ ಪಟ್ಟಿಗೂ ಹೆಚ್ಚು. ಎರಡೂ ಕಡೆ ಆರಂಭ ಒಂದೇ ಥರ ಕಂಡಿತು. ಯಾವುದು ಹೇಗೆ ಮುಗಿದೀತೆಂದು ಮೊದಲೇ ತಿಳಿಯುವ ದಾರಿ ಇರಲಿಲ್ಲ. ದಿನಾಂಕವಿಲ್ಲದ ಸಾವನ್ನು ಒಪ್ಪಿ ಬದುಕುವುದನ್ನು ಭಕ್ತಿ ನಮಗೆ ಕಲಿಸಿದೆ. ವಿಜ್ಞಾನ ಕೇಳುವುದೂ ಅದನ್ನೇ, ಜೊತೆಗೆ ಕೈಗೆ ಒಂದಿಷ್ಟು ಕೆಲಸ ಕೊಡುತ್ತದೆ.

ಮಾನ್ವಿ ಹತ್ತಿರದ ಊರೊಂದರಲ್ಲಿ ಗುಡಿಗೆ ಹೊಂದಿ ಸಮುದಾಯ ಭವನ ಎಬ್ಬಿಸುತ್ತಿದ್ದಾರೆ. ಪಟ್ಟಿ ಕೇಳಲು ನಮ್ಮ ಮನೆಗೂ ಬಂದರು. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವಂತೆ ಕಬ್ಬಿಣ ಹಾಕಿ ಒಂದು ಕಾಂಕ್ರೀಟ್ ಪಟ್ಟಿ ಹೊಯ್ಯುವುದಾದರೆ ಆ ಸರಳಿನ ಖರ್ಚು ನನ್ನದು ಎಂದೆ. ಹಿರಿಯರೊಬ್ಬರು "ದೇವರ ಜಾಗ ಅಕ್ಕೋರ, ದೇವರೇ ಕಾಯ್ತಾನ" ಎಂದರು. ಅವರ ಜೊತೆ ಬಂದಿದ್ದ ಮೇಸ್ತ್ರಿ ಮುಸಲ್ಮಾನರು. "ನಮ್ಮ ಕುರ್‌ಆನಿನ್ಯಾಗ ಭೂಕಂಪದ ಹೆಸರಿಂದೇ ಒಂದು ಅಧ್ಯಾಯ ಅದರಿ, ಕಡೀ ದಿನದ್ದು. ಅಲ್ಲೀತನಾ ಗೋಡಿ ನಿಂದ್ರಿಸೋದು ನಮ್ಮ ಕೆಲಸ" ಎಂದು ಅವರಿಗೆ ಹೇಳಿ, ಮೂಲೆಯಲ್ಲಿ ಸರಳು ಹೇಗೆ ಕೂಡಿಸಬೇಕೆಂದು ನನ್ನನ್ನು ಕೇಳಿದರು. ಮೂಲೆಗೆ ತಂದು ಕತ್ತರಿಸಬಾರದು, ಬಾಗಿಸಿ ಪಕ್ಕದ ಗೋಡೆಯೊಳಗೆ ಎರಡು ಮೂರು ಅಡಿ ಒಯ್ಯಬೇಕು, ಬಿಟ್ಟುಹೋಗುವುದು ಯಾವಾಗಲೂ ಮೂಲೆಯಲ್ಲೇ ಎಂದೆ. ಹಿರಿಯರು ಎಷ್ಟು ಸರಳು ಬೇಕಾದೀತೆಂದು ಬರೆದುಕೊಂಡರು.