ತವಕ್ಕುಲ್: ನಾಲಿಗೆಯಲ್ಲೋ, ನಡೆಯಲ್ಲೋ?



ನೀವು ಐದು ಹೊತ್ತಿನ ನಮಾಝನ್ನು ನಿಷ್ಠೆಯಿಂದ ನಿರ್ವಹಿಸುವವರಾದರೆ, ಕಡ್ಡಾಯ ರಕಅತ್‌ಗಳಲ್ಲೇ ದಿನಕ್ಕೆ 17 ಬಾರಿ ನಿಮ್ಮ ಪ್ರಭುವಿಗೆ ಒಂದು ಮಾತು ಕೊಡುತ್ತೀರಿ. ಅದು ಅಲ್ ಫಾತಿಹಾ ಅಧ್ಯಾಯದ ಐದನೆಯ ಸೂಕ್ತದಲ್ಲಿದೆ. ತಾನು ಅಲ್ಲಾಹನಿಗೆ ಮಾತ್ರ ದಾಸನೆಂದೂ ಅವನಲ್ಲಿ ಮಾತ್ರ ಸಹಾಯ ಬೇಡುವವನೆಂದೂ ದಾಸನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಈ ಎರಡು ಮಾತುಗಳ ಕ್ರಮವನ್ನು ನೀವು ಗಮನಿಸಿದ್ದೀರಾ? ಮೊದಲು ದಾಸ್ಯ, ಅನಂತರ ಸಹಾಯದ ಬೇಡಿಕೆ. ಹೂದ್ ಅಧ್ಯಾಯದ ಕೊನೆಯ ಸೂಕ್ತದಲ್ಲೂ ಇದೇ ಕ್ರಮವಿದೆ. ಅಲ್ಲಾಹನ ಆರಾಧನೆ ಮಾಡಬೇಕೆಂಬ ಆಜ್ಞೆ ಮೊದಲು, ಅವನ ಮೇಲೆ ಭರವಸೆ ಇಡಬೇಕೆಂಬ ಆಜ್ಞೆ ಅನಂತರ.

ನಾವು ಮಾತ್ರ ಇವೆರಡನ್ನೂ ಬೇರೆ ಬೇರೆ ಕಪಾಟುಗಳಲ್ಲಿ ಇಟ್ಟುಬಿಟ್ಟಿದ್ದೇವೆ. ಅನುಸರಣೆಯನ್ನು ಮಸೀದಿಗೆ ಒಪ್ಪಿಸಿದ್ದೇವೆ. ಭರವಸೆಯನ್ನು ಕಷ್ಟಕಾಲಕ್ಕೆ ತೆಗೆದಿಟ್ಟಿದ್ದೇವೆ. ಕಾಯಿಲೆ ಬಂದಾಗ, ಮಳೆ ಕೈಕೊಟ್ಟಾಗ, ಸಾಲಗಾರ ಬಾಗಿಲಿಗೆ ಬಂದಾಗ 'ಅಲ್ಲಾಹನ ಮೇಲೆ ತವಕ್ಕುಲ್' ಎನ್ನುತ್ತೇವೆ. ಆದರೆ ತವಕ್ಕುಲ್ ಕಷ್ಟಕಾಲದ ಮಾತು ಮಾತ್ರವೇ? ಅದರ ನಿಜವಾದ ಪರೀಕ್ಷೆ ನಡೆಯುವುದು ಎಲ್ಲಿ?

ಇದಕ್ಕೆ ಉತ್ತರ ಕಾಣಬೇಕಾದರೆ ಸಿಂಧನೂರು ತಾಲೂಕಿನ ಸಾಲಗುಂದದ ಕಡೆಗೊಮ್ಮೆ ಬನ್ನಿ. ಇಲ್ಲಿಯ ಬಾಳು ನಿಂತಿರುವುದು ತುಂಗಭದ್ರೆಯ ನೀರಿನ ಮೇಲೆ. ಮುನಿರಾಬಾದ್ ಬಳಿಯ ಅಣೆಕಟ್ಟಿನಿಂದ ಹೊರಡುವ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತದೆ. ಯೋಜನೆ ರೂಪಿಸಿದಾಗ ಬಹುಪಾಲು ಭೂಮಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನೇ ಗೊತ್ತುಪಡಿಸಲಾಗಿತ್ತು. ಭತ್ತಕ್ಕೆಂದು ಬಿಟ್ಟದ್ದು ಸ್ವಲ್ಪ ಭಾಗ ಮಾತ್ರ. ಕಾಲ ಕಳೆದಂತೆ ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತದ ಗದ್ದೆಗಳೇ ಹರಡಿದವು. ಪರಿಣಾಮವೇನೆಂದು ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಮೇಲಿನವನ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಕೆಳಗಿನವನ ಹೊಲ ಬಿರುಕು ಬಿಟ್ಟಿರುತ್ತದೆ. ಕಾಲುವೆಯ ಕೊನೆ ಭಾಗದ ರೈತರು ವರ್ಷವರ್ಷವೂ ನೀರಿಗಾಗಿ ಬೀದಿಗಿಳಿಯುತ್ತಾರೆ.

ಈಗ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನು ದೀನಿನ ಮೇಲೆ ಪ್ರೀತಿಯುಳ್ಳವನು. ಇಶಾ ನಮಾಝ್ ಮುಗಿಸಿ ಕೈಯೆತ್ತಿ, ಅನ್ನಾಧಾರ ಕೊಡುವವನು ನೀನೇ ಎಂದು ಬೇಡುತ್ತಾನೆ. ಅನಂತರ ಮನೆಗೆ ಹೋಗಿ ಉಂಡು, ಊರು ಮಲಗಿದ ಮೇಲೆ ಟಾರ್ಚು ಹಿಡಿದು ಹೊರಡುತ್ತಾನೆ. ಆ ರಾತ್ರಿ ನೀರಿನ ಸರದಿ ಕೆಳಗಿನ ಹೊಲದವನದು. ಇವನು ಸದ್ದಿಲ್ಲದೆ ಕೆಳಗಿನ ದಾರಿ ಮುಚ್ಚಿ ತನ್ನ ಗದ್ದೆಯ ತೂಬನ್ನು ತೆರೆಯುತ್ತಾನೆ.

ಯಾವ ಸಾಕ್ಷ್ಯವನ್ನು ನಂಬಬೇಕು, ವಾಚಕರೇ? ಅನ್ನದಾತನು ಅಲ್ಲಾಹನೆಂದು ಅವನ ನಾಲಿಗೆ ಹೇಳಿತು. ನೆರೆಯವನ ಪಾಲನ್ನು ಕಸಿಯದಿದ್ದರೆ ತನಗೆ ಅನ್ನವಿಲ್ಲವೆಂದು ಒಂದು ತಾಸಿನೊಳಗೆ ಅವನ ಕೈ ಹೇಳಿತು. ಅವನು ಮುರಿದದ್ದು ಬರೀ ನೀರಾವರಿ ಇಲಾಖೆಯ ನಿಯಮವನ್ನಲ್ಲ. ಸ್ವಲ್ಪ ಹೊತ್ತಿನ ಹಿಂದೆ ನಮಾಝಿನಲ್ಲಿ ಕೊಟ್ಟ ಮಾತನ್ನೇ ಮುರಿದನು. ಬಹುತೇಕ ಪಾಪಗಳ ಬೇರು ಇಲ್ಲೇ ಇದೆ. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿ, ಲಂಚಕ್ಕೆ ಕೈಚಾಚುವ ನೌಕರ, ನಾಟಿ ಮಾಡಿದ ಹೆಂಗಸರ ಕೂಲಿಯನ್ನು ನಾಳೆ ನಾಡಿದ್ದೆಂದು ಮುಂದೂಡುವ ಹೊಲದೊಡೆಯ, ಮಗಳ ಮದುವೆಗೆ ಬಡ್ಡಿಯ ಸಾಲವೇ ಗತಿಯೆಂದು ಮೊದಲೇ ತೀರ್ಮಾನಿಸಿದ ತಂದೆ, ಇವರೆಲ್ಲರ ಎದೆಯಲ್ಲಿರುವುದು ಒಂದೇ ಭಯ. ಅಲ್ಲಾಹನ ಆಜ್ಞೆ ಪಾಲಿಸಿದರೆ ನಷ್ಟವಾದೀತೆಂಬ ಭಯ. ಭರವಸೆ ಕುಂದಿದ ಕಡೆ ಅನುಸರಣೆ ನಿಲ್ಲುವುದಿಲ್ಲ.

ನೀರಿನ ಇಂಥದೇ ಒಂದು ವ್ಯಾಜ್ಯ ಪ್ರವಾದಿವರ್ಯರ(ಸ) ಮುಂದೆಯೇ ಬಂದಿತ್ತು. ಮದೀನಾದ ಹರ್‍ರಾ ಪ್ರದೇಶದಲ್ಲಿ ಖರ್ಜೂರದ ತೋಟಗಳಿಗೆ ಹರಿಯುವ ಕಾಲುವೆಯೊಂದಿತ್ತು. ಹ. ಝುಬೈರ್(ರ)ರ ಭೂಮಿ ಮೇಲ್ಭಾಗದಲ್ಲಿ, ಒಬ್ಬ ಅನ್ಸಾರಿಯ ಭೂಮಿ ಕೆಳಭಾಗದಲ್ಲಿ. ಝುಬೈರ್(ರ) ತಮ್ಮ ತೋಟಕ್ಕೆ ನೀರು ಹಾಯಿಸಿ, ಅನಂತರ ಅದನ್ನು ನೆರೆಯವನಿಗೆ ಬಿಡಬೇಕೆಂದು ಪ್ರವಾದಿವರ್ಯರು(ಸ) ಹೇಳಿದರು. ಅದರಲ್ಲಿ ಕೆಳಗಿನವನ ಬಗ್ಗೆ ಔದಾರ್ಯವಿತ್ತು. ಆದರೆ ಆ ವ್ಯಕ್ತಿಗೆ ತೃಪ್ತಿಯಾಗಲಿಲ್ಲ. ಝುಬೈರ್ ಸೋದರತ್ತೆಯ ಮಗನೆಂಬ ಕಾರಣಕ್ಕೆ ಹೀಗೆ ತೀರ್ಪಾಯಿತೆಂದು ಆಕ್ಷೇಪಿಸಿದನು. ಪ್ರವಾದಿವರ್ಯರ(ಸ) ಮುಖದ ಬಣ್ಣವೇ ಬದಲಾಯಿತು. ಆಗ ಅವರು, ಝುಬೈರ್(ರ) ತಮ್ಮ ಪೂರ್ಣ ಹಕ್ಕಿನಷ್ಟು ನೀರು ನಿಲ್ಲಿಸಿಕೊಂಡು ಅನಂತರ ಬಿಡಲಿ ಎಂದು ತೀರ್ಪಿತ್ತರು. ಬುಖಾರಿಯಲ್ಲಿ ವರದಿಯಾಗಿರುವ ಘಟನೆಯಿದು. ಅನ್ನಿಸಾ ಅಧ್ಯಾಯದ 65ನೆಯ ಸೂಕ್ತ ಇದೇ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಝುಬೈರ್(ರ) ಭಾವಿಸಿದ್ದರು. ಪ್ರವಾದಿಯನ್ನು ತೀರ್ಪುಗಾರರಾಗಿ ಒಪ್ಪಿ, ಅವರ ತೀರ್ಪಿನ ಬಗ್ಗೆ ಮನಸ್ಸಿನೊಳಗೂ ಅಳುಕಿಲ್ಲದೆ ಶರಣಾಗುವ ತನಕ ವಿಶ್ವಾಸ ಪೂರ್ಣವಾಗದೆಂಬುದು ಆ ಸೂಕ್ತದ ಆಶಯ.

ಇಲ್ಲಿ ಎರಡು ಪಾಠಗಳಿವೆ. ಮೇಲಿನವನ ಪೂರ್ಣ ಹಕ್ಕಿಗೂ ಒಂದು ಮಿತಿಯಿದೆ. ಅದು ಮುಗಿದೊಡನೆ ನೀರು ಕೆಳಗಿಳಿಯಲೇಬೇಕು. ಎರಡನೆಯದಾಗಿ, ವಿಶ್ವಾಸ ಪೂರ್ಣವೋ ಅಪೂರ್ಣವೋ ಎಂಬ ದೊಡ್ಡ ಪ್ರಶ್ನೆ ತೀರ್ಮಾನವಾದದ್ದು ಯುದ್ಧರಂಗದಲ್ಲಲ್ಲ, ಹೊಲಕ್ಕೆ ನೀರು ಹಾಯಿಸುವ ದಿನನಿತ್ಯದ ವ್ಯವಹಾರದಲ್ಲಿ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ಕೆಲವರು ಸೋಮಾರಿತನಕ್ಕೆ ತವಕ್ಕುಲ್ ಎಂದು ಹೆಸರಿಡುತ್ತಾರೆ. ಪ್ರವಾದಿವರ್ಯರು(ಸ) ಒಬ್ಬನಿಗೆ, ಒಂಟೆಯನ್ನು ಕಟ್ಟಿ ಅನಂತರ ಅಲ್ಲಾಹನ ಮೇಲೆ ಭರವಸೆ ಇಡಲು ಕಲಿಸಿದರೆಂದು ತಿರ್ಮಿದಿಯಲ್ಲಿದೆ. ಹ. ಉಮರ್(ರ) ವರದಿ ಮಾಡಿದ ಹದೀಸಿನಲ್ಲಿ, ನಿಜವಾದ ಭರವಸೆಗೆ ಹಕ್ಕಿಗಳ ಉದಾಹರಣೆಯಿದೆ. ಅವು ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಹೊರಟು ಸಂಜೆ ತುಂಬಿದ ಹೊಟ್ಟೆಯಲ್ಲಿ ಮರಳುತ್ತವೆ. ಆದರೆ ಹೊರಡುತ್ತವೆ ಎಂಬುದನ್ನು ಮರೆಯಬೇಡಿ. ಹೆರಿಗೆಯ ನೋವಿನಲ್ಲಿದ್ದ ಹ. ಮರ್ಯಮ್(ಅ)ರಿಗೂ ಖರ್ಜೂರದ ಕಾಂಡವನ್ನು ತನ್ನೆಡೆಗೆ ಅಲುಗಾಡಿಸಲು ಆದೇಶವಾಯಿತೆಂದು ಕುರ್‌ಆನ್ ಹೇಳುತ್ತದೆ. ಪ್ರಸವದ ಸಂಕಟದಲ್ಲಿರುವ ಹೆಣ್ಣುಮಗಳೊಬ್ಬಳ ಕೈಬಲಕ್ಕೆ ಖರ್ಜೂರದ ಮರ ಎಷ್ಟು ಅಲುಗಾಡೀತು? ಹಣ್ಣು ಉದುರಿಸುವವನು ಅಲ್ಲಾಹನೇ. ಆದರೂ ಕೈ ಚಾಚಬೇಕಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ವರ್ಷದ ಅನ್ನ ಕಣ್ಣೆದುರೇ ನದಿಯ ಪಾಲಾಗುತ್ತಿತ್ತು. ಈ ಸೀಮೆಯ ಜನರೆಲ್ಲ ತಮ್ಮ ತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು. ಅದೇ ವೇಳೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು, ನೀರು ರಭಸದಿಂದ ಹರಿಯುತ್ತಿರುವಾಗಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಸೋರಿಕೆಯನ್ನು ತಡೆದರು. ಮತ್ತೆ ಮಳೆಯಾಗಿ ಜಲಾಶಯಕ್ಕೆ ನೀರು ಬಂತು. ಗೇಟು ಇಳಿಸುವುದು ಮನುಷ್ಯನ ಕೆಲಸ, ಮೋಡ ಕಳಿಸುವುದು ಅಲ್ಲಾಹನ ಕೆಲಸ. ನಮ್ಮ ಕೆಲಸವನ್ನು ಅವನಿಗೆ ಬಿಟ್ಟು, ಅವನ ಕೆಲಸದ ಚಿಂತೆಯನ್ನು ನಾವು ಹೊತ್ತು ತಿರುಗುವುದು ತವಕ್ಕುಲ್ ಅಲ್ಲ.

ಈ ಪಾಠ ನಮಗೆ ಮಾತ್ರ ಗೊತ್ತಿರುವುದೆಂದು ತಿಳಿಯಬೇಡಿ. ಪಕ್ಕದ ಲಿಂಗಸುಗೂರು ತಾಲೂಕಿನ ಮುದಗಲ್‌ನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕ್ರೈಸ್ತರು ಬಾಳಿಬಂದಿದ್ದಾರೆ. ಕ್ರೈಸ್ತರು ನಿತ್ಯ ಹೇಳುವ ಪ್ರಾರ್ಥನೆಯಲ್ಲಿ ದೇವನ ಇಚ್ಛೆ ನೆರವೇರಲಿ ಎಂಬ ಬೇಡಿಕೆ ಮೊದಲು ಬರುತ್ತದೆ. ಆಹಾರದ ಬೇಡಿಕೆ ಅನಂತರ, ಅದೂ ಅಂದಿನ ದಿನದ ಮಟ್ಟಿಗೆ. ಏಕದೇವತ್ವದ ವಿಷಯದಲ್ಲಿ ನಮಗೂ ಅವರಿಗೂ ಇರುವ ಭಿನ್ನತೆ ಚಿಕ್ಕದಲ್ಲ. ಆದರೆ ಮೊದಲು ಶರಣಾಗತಿ, ಅನಂತರ ಬೇಡಿಕೆ ಎಂಬ ಕ್ರಮದಲ್ಲಿ ಹ. ಈಸಾ(ಅ)ರ ಬೋಧನೆಯ ಬೆಳಕನ್ನು ನಾವು ಗುರುತಿಸಬಲ್ಲೆವು. ಎಲ್ಲ ಪ್ರವಾದಿಗಳೂ ಕಲಿಸಿದ್ದು ಇದನ್ನೇ.

ಈಗ ನೀವು ಒಂದು ಪ್ರಶ್ನೆ ಕೇಳಬಹುದು. "ನಾನು ನೀರು ಕದಿಯಲಿಲ್ಲ. ಮೇಲಿನವನು ಕದ್ದ. ನನ್ನ ಬೆಳೆ ಒಣಗಿತು. ನನ್ನ ತವಕ್ಕುಲ್‌ನಿಂದ ಏನು ಸಿಕ್ಕಿತು?"

ಇದು ನ್ಯಾಯವಾದ ಪ್ರಶ್ನೆ. ಇದನ್ನು ಹಗುರವಾದ ಮಾತುಗಳಿಂದ ಮುಚ್ಚಬಾರದು. ಆಜ್ಞಾನುಸರಣೆ ಮಾಡಿದವನ ಬೆಳೆ ಒಣಗುವುದಿಲ್ಲವೆಂದು ಅಲ್ಲಾಹನು ಎಲ್ಲಿಯೂ ಮಾತು ಕೊಟ್ಟಿಲ್ಲ. ಬದಲಾಗಿ, ಭಯ, ಹಸಿವು, ಧನ, ಜೀವ ಮತ್ತು ಫಸಲಿನ ನಷ್ಟಗಳಿಂದ ಪರೀಕ್ಷಿಸುವುದಾಗಿ ಅಲ್ ಬಕರಃದ 155ನೆಯ ಸೂಕ್ತದಲ್ಲಿ ಮೊದಲೇ ತಿಳಿಸಿದ್ದಾನೆ. 2023ರಲ್ಲಿ ನಮ್ಮ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಒಣಗಿದ ಹೊಲಗಳಲ್ಲಿ ಸಜ್ಜನರ ಹೊಲಗಳೂ ಇದ್ದವು. ತವಕ್ಕುಲ್ ಎಂಬುದು ಫಸಲಿನ ವಿಮೆಯಲ್ಲ. ನಷ್ಟವಾದರೂ ಈ ಒಡೆಯನ ಸೇವೆಯಲ್ಲಿ ನಾನು ಹಾಳಾಗಲಾರೆ, ಇಲ್ಲಿ ಸಿಗದ ಕೂಲಿ ಅಲ್ಲಿ ಮುಳುಗಿಹೋಗದು ಎಂಬ ದೃಢತೆಯೇ ತವಕ್ಕುಲ್. ಕದ್ದ ನೀರಿನಿಂದ ಬೆಳೆದ ಭತ್ತ ಮನೆಯ ಕಣಜ ತುಂಬಿಸಬಹುದು. ಆದರೆ ಅದನ್ನುಂಡ ಮಕ್ಕಳಿಗೆ ನೀವು ಯಾವ ಬಾಯಿಂದ ಹಲಾಲ್ ಹರಾಮ್ ಕಲಿಸುತ್ತೀರಿ?

ಹಾಗೆಂದು ಅನ್ಯಾಯವನ್ನು ಸುಮ್ಮನೆ ಸಹಿಸಿರೆಂದು ಹೇಳುತ್ತಿಲ್ಲ. ನೀರು ಬಳಕೆದಾರರ ಸಂಘದಲ್ಲಿ ಮಾತಾಡಿ, ಅಧಿಕಾರಿಗಳಿಗೆ ಅರ್ಜಿ ಕೊಡಿ, ನೆರೆಹೊರೆಯವರು ಯಾವ ಧರ್ಮದವರೇ ಆಗಲಿ ಅವರೊಡನೆ ಕೂಡಿ ನ್ಯಾಯ ಕೇಳಿ. ಅದು ಒಂಟೆಯನ್ನು ಕಟ್ಟುವ ಕೆಲಸ. ಆದರೆ ಅವನು ಕದ್ದನೆಂದು ನೀವೂ ಕದಿಯಬೇಡಿ.

ಸೋದರರೇ, ಸೋದರಿಯರೇ, ಇಂದಿನಿಂದಲೇ ಒಂದು ಚಿಕ್ಕ ಅಭ್ಯಾಸ ಮಾಡಿಕೊಳ್ಳಿ. ಮಲಗುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇಂದು ನಷ್ಟದ ಭಯದಿಂದ ಅಲ್ಲಾಹನ ಯಾವ ಆಜ್ಞೆಯನ್ನು ಬದಿಗಿಟ್ಟೆ? ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ, ಅಡುಗೆಮನೆಯಲ್ಲಿ? ಉತ್ತರ ಸಿಕ್ಕಿದರೆ ನಿಮ್ಮ ತವಕ್ಕುಲ್ ಎಲ್ಲಿ ಸೋರುತ್ತಿದೆಯೆಂದು ಗೊತ್ತಾಗುತ್ತದೆ. ಮರುದಿನ ಫಜ್ರ್‌ನಲ್ಲಿ ಆ ಸೂಕ್ತ ಓದುವಾಗ ಅದನ್ನು ನೆನೆಯಿರಿ. ಆ ದಿನ ಆ ಒಂದೇ ಒಂದು ವಿಷಯದಲ್ಲಿ ಆಜ್ಞೆ ಪಾಲಿಸಿ ನೋಡಿರಿ. ನಾಳೆಯದನ್ನು ನಾಳೆಗೆ ಬಿಡಿರಿ.

ನಮ್ಮ ನಾಲಿಗೆ ನುಡಿದದ್ದನ್ನು ನಮ್ಮ ಕೈಗಳು ಸುಳ್ಳಾಗಿಸದಂತೆ ಕರುಣಾಮಯನಾದ ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.